ಹಸಿ ಇಟ್ಟಿಗೆಯನ್ನು ಬಿಸಿಲಿಗಿಡಬೇಡಿ

ಸುಡದ ಇಟ್ಟಿಗೆಯ ಮಾತೆತ್ತಿದಾಗಲೆಲ್ಲ ಬರುವ ಪ್ರಶ್ನೆ ಒಂದೇ: ಬೆಂಕಿ ಕಾಣದ ಮಣ್ಣು ಮಳೆಗೆ ಕರಗುವುದಿಲ್ಲವೇ? ಬರೀ ಮಣ್ಣಾದರೆ ಕರಗುತ್ತದೆ, ಅನುಮಾನವೇ ಬೇಡ. ಮಣ್ಣಿನಲ್ಲಿರುವ ಜೇಡಿ ಒಣಗಿದಾಗ ಬಿಗಿದುಕೊಳ್ಳುತ್ತದೆ, ನೀರು ಕುಡಿದಾಗ ಉಬ್ಬಿ ಸಡಿಲಾಗುತ್ತದೆ. ಗೂಡಿನ ಬೆಂಕಿ ಜೇಡಿಯ ಈ ಗುಣವನ್ನೇ ಕಳೆದುಬಿಡುತ್ತದೆ. ಬೆಂಕಿಯಿಲ್ಲದೆ ಅದನ್ನು ಸಾಧಿಸುವ ದಾರಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡದವರು, ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು, ವರ್ಷಗಟ್ಟಲೆ ಪರೀಕ್ಷಿಸಿ ತೋರಿಸಿದ್ದಾರೆ. ಮರಳು ಹೆಚ್ಚಿರುವ ಮಣ್ಣಿಗೆ ನೂರಕ್ಕೆ ಸುಮಾರು 7 ಪಾಲು ಸಿಮೆಂಟ್ ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಕೈಯಂತ್ರದಲ್ಲಿ ಒತ್ತಿ ತೆಗೆಯುವುದು. ಸಿಮೆಂಟ್ ಮರಳಿನ ಕಣಕ್ಕೆ ಕಣ ಕಚ್ಚಿಸಿ ಬಲೆ ಹೆಣೆಯುತ್ತದೆ. ಜೇಡಿ ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತದೆ. ನೀರು ಒಳಹೊಕ್ಕರೂ ಬಲೆ ಬಿಚ್ಚುವುದಿಲ್ಲ.

ಹಾಗಾದರೆ ಸಿಮೆಂಟ್ ಇನ್ನಷ್ಟು ಸುರಿದರಾಯಿತು ಎನ್ನುವವರಿದ್ದಾರೆ. ಇದು ತಪ್ಪು ಲೆಕ್ಕ. ಜೇಡಿ ಅತಿಯಾದರೆ ಅದರ ಉಬ್ಬುವ ಬಲವೇ ಬಲೆಯನ್ನು ಹರಿಯುತ್ತದೆ, ಸುರಿದ ಸಿಮೆಂಟ್ ದಂಡ. ಕೆಮ್ಮಣ್ಣಿನಲ್ಲಿ ಜೇಡಿ ಜಾಸ್ತಿಯಿದ್ದರೆ ಮರಳನ್ನೋ ಕ್ರಷರ್ ಪುಡಿಯನ್ನೋ ಬೆರೆಸಿ ತಗ್ಗಿಸಬೇಕು. ಎರೆಮಣ್ಣಿನ ಜೇಡಿ ವಿಪರೀತ ಉಬ್ಬುವ ಜಾತಿಯದು. ಅದಕ್ಕೆ ಸಿಮೆಂಟ್ ಒಂದೇ ಸಾಲದು, ಸುಣ್ಣವೂ ಬೇಕಾಗುತ್ತದೆ.

ಆದರೆ ಇಟ್ಟಿಗೆ ಹೆಚ್ಚಾಗಿ ಕೆಡುವುದು ಒತ್ತಿದ ಮೇಲೆ. ಹಸಿ ಇಟ್ಟಿಗೆ ಎಂದರೆ ಬಿಸಿಲಲ್ಲಿ ಒಣಗಿಸುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ಇಲ್ಲಿ ಆ ರೂಢಿಯೇ ಶತ್ರು. ಸಿಮೆಂಟ್ ಒಣಗಿ ಗಟ್ಟಿಯಾಗುವ ವಸ್ತುವಲ್ಲ, ನೀರಿನೊಡನೆ ಕೂಡಿ ಗಟ್ಟಿಯಾಗುವಂಥದ್ದು. ಬಿಸಿಲು ನೀರನ್ನು ಹೀರಿದ ಗಳಿಗೆಯಿಂದ ಬಲೆ ಹೆಣೆಯುವ ಕೆಲಸ ನಿಲ್ಲುತ್ತದೆ. ಮೇಲೆ ಕಲ್ಲಿನಂತೆ ಕಾಣುವ ಇಟ್ಟಿಗೆಯೊಳಗೆ ಇರುವುದು ಒಣಗಿದ ಜೇಡಿಯ ಬಿಗಿ ಮಾತ್ರ, ಮೊದಲ ಮುಂಗಾರಿಗೆ ಅದು ಬಿಡುತ್ತದೆ. ಆದ್ದರಿಂದ ನೆರಳಲ್ಲಿ ಪೇರಿಸಿ, ಹುಲ್ಲನ್ನೋ ಗೋಣಿತಾಟನ್ನೋ ಹೊದಿಸಿ, ಮೂರು ವಾರ ತೇವ ಆರದಂತೆ ನೀರು ಚಿಮುಕಿಸಿ. ಮೂರು ದಿನವಲ್ಲ, ಮೂರು ವಾರ. ಕೆಲಸ ಅವಸರದ್ದೆಂದು ಐದನೆಯ ದಿನಕ್ಕೇ ಗೋಡೆಗೇರಿಸಿದರೆ, ಆಮೇಲೆ ದೂರಬೇಕಾದ್ದು ಮಣ್ಣನ್ನಲ್ಲ.

ಸಿಮೆಂಟನ್ನೂ ಸುಟ್ಟೇ ತಯಾರಿಸುವುದಲ್ಲವೇ, ಪರಿಸರಕ್ಕೇನು ಲಾಭ ಎಂಬ ಆಕ್ಷೇಪ ನ್ಯಾಯವಾದದ್ದು. ಗೂಡಿನಲ್ಲಿ ಇಡೀ ಇಟ್ಟಿಗೆ ಬೇಯಬೇಕು. ಇಲ್ಲಿ ಬೆಂದದ್ದು ಆ 7 ಪಾಲು ಮಾತ್ರ. ಅಷ್ಟೇ ಅಳತೆಯ ಗೋಡೆಗೆ ಸುಟ್ಟ ಇಟ್ಟಿಗೆ ತಿನ್ನುವ ಇಂಧನದಲ್ಲಿ ಅರ್ಧದಷ್ಟೂ ಇದಕ್ಕೆ ಬೇಡ. ಪಾಯ ಅಗೆದಾಗ ಬಂದ ಮಣ್ಣು ಹದವಾಗಿದ್ದರೆ ಲಾರಿಯ ಓಡಾಟವೂ ಉಳಿಯುತ್ತದೆ. ಭಾರ ಹೊರುವುದೇ ಎಂಬ ಶಂಕೆಗೆ, ಬೆಂಗಳೂರಿನಲ್ಲಿ ಇವೇ ಗೋಡೆಗಳ ಮೇಲೆ ನಿಂತ ಎರಡು, ಮೂರು ಅಂತಸ್ತಿನ ಮನೆಗಳೇ ಉತ್ತರ.

ಕೊಳ್ಳುವವರು ಒಣ ಇಟ್ಟಿಗೆಯನ್ನು ಬೆರಳಿನಿಂದ ಬಡಿದು, ಗಟ್ಟಿಯಿದೆ ಎಂದು ಒಪ್ಪಿಕೊಳ್ಳಬೇಡಿ. ನೆನೆದಾಗ ಒಳ್ಳೆಯ ಇಟ್ಟಿಗೆಯ ಬಲವೂ ಅರ್ಧಕ್ಕಿಳಿಯುತ್ತದೆ, ಗೋಡೆಯ ಲೆಕ್ಕ ಹಾಕಬೇಕಾದ್ದು ಆ ಬಲದ ಮೇಲೆಯೇ. ರಾಶಿಯಿಂದ ನಾಲ್ಕಾರು ಇಟ್ಟಿಗೆಗಳನ್ನು ನೀವೇ ಆರಿಸಿ, ಎರಡು ದಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿಡಿ. ಅಂಚು ಮೆತ್ತಗಾಗಿ ಉದುರಿದರೆ, ನೀರು ಕದಡಿದರೆ, ಆ ರಾಶಿಯನ್ನು ವಾಪಸು ಕಳಿಸಿ.