ಬೈಲು, ಬೆಟ್ಟು ಮತ್ತು ನೆರೆಕರೆಯ ಮಕ್ಕಳು

(ಅಜೆಕಾರಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಲಿಖಿತ ರೂಪ)



ಮನುಷ್ಯನನ್ನು ರೂಪಿಸುವುದು ಮನೆಯೇ, ಶಾಲೆಯೇ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ಇವೆರಡರ ನಡುವೆ ಮಗು ದಿನವೂ ನಡೆದು ದಾಟುವ ನೆರೆಕರೆಯನ್ನು ಮಾತ್ರ ಈ ಚರ್ಚೆಯಲ್ಲಿ ಯಾರೂ ಸಾಕ್ಷಿಗೆ ಕರೆಯುವುದಿಲ್ಲ. ಇಂದು ಅದರ ಪರವಾಗಿ ಕೆಲವು ಮಾತುಗಳನ್ನು, ವಿರುದ್ಧವಾಗಿಯೂ ಒಂದೆರಡು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ನಾನು ಕೃಷಿವಿಜ್ಞಾನದವನು, ಆದುದರಿಂದ ಮಣ್ಣಿನಿಂದಲೇ ಆರಂಭಿಸುತ್ತೇನೆ. ತುಳುನಾಡಿನ ಹಿರಿಯರು ಗದ್ದೆಗಳನ್ನು ಮೂರಾಗಿ ವಿಂಗಡಿಸಿದರು. ತಗ್ಗಿನಲ್ಲಿ ತೇವ ಆರದ ಬೈಲು, ಅದಕ್ಕಿಂತ ಮೇಲೆ ಮಜಲು, ಇನ್ನೂ ಮೇಲೆ ಮಳೆಯನ್ನೇ ನಂಬಿದ ಬೆಟ್ಟು. ಬೈಲಿನಲ್ಲಿ ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದೇ. ಭೂಮಿಯ ಇಳಿಜಾರು, ಅಂತರ್ಜಲದ ಮಟ್ಟ, ಮಣ್ಣು ನೀರನ್ನು ಹಿಡಿದಿಡುವ ಶಕ್ತಿ ಎಂದು ನಾವು ವಿಶ್ವವಿದ್ಯಾನಿಲಯದಲ್ಲಿ ಹಲವು ಅಧ್ಯಾಯಗಳಲ್ಲಿ ಓದಿದ್ದು ಈ ಮೂರು ಶಬ್ದಗಳೊಳಗೆ ಅಡಗಿದೆ. ಇಲ್ಲಿ ಕುಳಿತವರಲ್ಲಿ ಎಷ್ಟು ಮಂದಿಯ ಮನೆಯ ಹೆಸರಿನ ಕೊನೆಗೆ ಬೆಟ್ಟು, ಮಜಲು, ಬೈಲು ಇದೆಯೆಂದು ಎಣಿಸಿ ನೋಡಿ. ಆ ಹೆಸರನ್ನು ಹೊತ್ತು ಪೇಟೆಗೆ ಹೋದವನು ತನ್ನ ನೆಲದ ವಿವರವನ್ನೂ ಹೊತ್ತುಕೊಂಡೇ ಹೋಗಿರುತ್ತಾನೆ, ಅವನಿಗೆ ಅದರ ಅರಿವಿಲ್ಲದಿದ್ದರೂ.

ಆದರೆ ಶಬ್ದ ತಿಳಿದರೆ ಸಾಲದು. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯಲೇಬೇಕು. ನನ್ನ ಅಂಚು ಒಡೆದರೆ ನಷ್ಟ ನೆರೆಮನೆಯವನಿಗೆ. ಇದನ್ನು ಯಾವ ಮಗುವೂ ಉಪನ್ಯಾಸ ಕೇಳಿ ಕಲಿತದ್ದಲ್ಲ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟ ಹಾಕುವ ಕೆಲಸವನ್ನು ನೆನೆಯಿರಿ. ಯಾರ ಮನೆಯಿಂದ ಎಷ್ಟು ಆಳು, ಯಾರಿಗೆ ಎಷ್ಟು ಹೊತ್ತು ನೀರು ಎಂಬ ಬಗ್ಗೆ ಜಗಳವಾಗುತ್ತಿತ್ತು, ಮಾತು ಬಿಡುತ್ತಿದ್ದರು. ಆದರೂ ಕಟ್ಟ ಏಳುತ್ತಿತ್ತು. ಸಿಟ್ಟಿನಲ್ಲಿದ್ದವರೂ ಕೂಡಿ ಕೆಲಸ ಮಾಡಬಲ್ಲರು ಎಂಬುದನ್ನು ಹತ್ತು ವರ್ಷದೊಳಗೆ ಕಂಡ ಮಗು ಮುಂದೆ ಪಂಚಾಯತಿಯ ಸಭೆಯಲ್ಲಿ ಕುಳಿತಾಗ ಅದನ್ನು ಮರೆಯುವುದಿಲ್ಲವೆಂದು ನನ್ನ ನಂಬಿಕೆ.

ಉತ್ತರಕನ್ನಡದ ಅಂಕೋಲೆಯ ಸಮೀಪದ ಹೊನ್ನಳ್ಳಿಯ ತುಳಸಿ ಗೌಡರನ್ನು ತಾವೆಲ್ಲ ಬಲ್ಲಿರಿ. ಹಾಲಕ್ಕಿ ಸಮುದಾಯದ ಈ ತಾಯಿ 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ನಿಂತು ಪದ್ಮಶ್ರೀ ಸ್ವೀಕರಿಸಿದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಅವರು ತಾಯಿಯ ಜತೆ ನರ್ಸರಿಯ ಕೂಲಿಗೆ ಹೋದವರು, ಶಾಲೆಗೆ ಹೋಗಲಿಲ್ಲ. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜವನ್ನು ಯಾವಾಗ ಆಯ್ದರೆ ಮೊಳಕೆ ಚೆನ್ನಾಗಿ ಬರುತ್ತದೆ ಎಂಬ ಅವರ ಅರಿವಿಗೆ ಪದವೀಧರರು ತಲೆಬಾಗಿದರು. ಈ ಕಥೆಯನ್ನು ಸಭೆಗಳಲ್ಲಿ ಹೇಳುವಾಗ ನಾವು ಅರ್ಧವನ್ನೇ ಹೇಳುತ್ತೇವೆ. ಅವರ ನೆರೆಕರೆ ಕಾಡನ್ನು ಕೊಟ್ಟಿತು ನಿಜ. ಅದೇ ನೆರೆಕರೆಯ ಬಡತನ ಅಕ್ಷರವನ್ನು ಕಸಿದುಕೊಂಡಿತು. ದಶಕಗಳ ಕಾಲ ಅವರು ದಿನಗೂಲಿಯವರಾಗಿಯೇ ದುಡಿದರು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಅದು ಗೌರವವಲ್ಲ.

ನಮ್ಮೂರಿನ ಮಾತನ್ನೂ ಹೀಗೆಯೇ ಆಡಬೇಕು. ಹಳೆಯ ನೆರೆಕರೆ ಎಲ್ಲರಿಗೂ ಒಂದೇ ಆಗಿರಲಿಲ್ಲ. 1974ರ ಭೂಸುಧಾರಣೆಗೆ ಮೊದಲು ಧಣಿಯ ಮಗನೂ ಗೇಣಿಯವನ ಮಗನೂ ಒಂದೇ ಬೈಲನ್ನು ಕಂಡರು, ಆದರೆ ಒಬ್ಬ ಜಗಲಿಯಿಂದ, ಇನ್ನೊಬ್ಬ ಕೆಸರಿನಿಂದ. ಕೊರಗ ಸಮುದಾಯದವರ ಪಾಡು ಇದಕ್ಕಿಂತಲೂ ಕೆಟ್ಟದಾಗಿತ್ತು. ಬೇರೆಯವರ ಕೇಡನ್ನು ತಮ್ಮ ಮೈಮೇಲೆ ಹೊರಬೇಕೆಂಬ ಅಜಲು ಪದ್ಧತಿಯನ್ನು ನಿಷೇಧಿಸಲು ಸರಕಾರವೇ 2000ದಲ್ಲಿ ಕಾಯಿದೆ ತರಬೇಕಾಯಿತು. ಕಾಡುಬಳ್ಳಿಯ ಗುಣ ಬುಟ್ಟಿ ಹೆಣೆಯುವ ಆ ಕೈಗಳಿಗೆ ತಿಳಿದಷ್ಟು ನಮ್ಮ ಸಸ್ಯಶಾಸ್ತ್ರಜ್ಞರಿಗೆ ತಿಳಿದಿಲ್ಲ. ಅಂಥವರ ಮಗುವಿಗೆ ನೆರೆಕರೆ ಮೊದಲು ಕಲಿಸಿದ್ದು ದೂರ ನಿಲ್ಲುವುದನ್ನು. ‘ನಮ್ಮ ಕಾಲದ ಊರು ಎಷ್ಟು ಚೆಂದವಿತ್ತು’ ಎಂದು ಹೇಳುವ ಮುನ್ನ ಆ ಮಗುವನ್ನೂ ಕೇಳಬೇಕು.

ನೆರೆಕರೆಯ ಪ್ರಭಾವ ಬರಿಯ ಭಾವನೆಯೇ, ಅಳೆಯಬಹುದಾದದ್ದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಅಮೆರಿಕದಲ್ಲಿ 1994ರಿಂದ 1998ರವರೆಗೆ ಐದು ನಗರಗಳ ಸುಮಾರು 4,600 ಬಡ ಕುಟುಂಬಗಳನ್ನು ಆಯ್ದು, ಚೀಟಿ ಎತ್ತಿ, ಕೆಲವರಿಗೆ ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆಯ ನೆರವು ನೀಡಲಾಯಿತು. ರಾಜ್ ಚೆಟ್ಟಿ ಮತ್ತು ಸಂಗಡಿಗರು ಆ ಮಕ್ಕಳ ಮುಂದಿನ ಬಾಳನ್ನು ಪರಿಶೀಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. 13 ವರ್ಷದೊಳಗೆ ಹೊಸ ನೆರೆಕರೆಗೆ ಹೋದವರ ಆದಾಯ, ಇಪ್ಪತ್ತೈದರ ಆಸುಪಾಸಿನಲ್ಲಿ, ನೆರವು ಸಿಗದವರಿಗಿಂತ ಶೇಕಡಾ 31ರಷ್ಟು ಹೆಚ್ಚಾಗಿತ್ತು. ಅದಕ್ಕಿಂತ ದೊಡ್ಡವರಾದ ಮೇಲೆ ಹೋದವರಿಗೆ ಅಂತಹ ಲಾಭವಾಗಲಿಲ್ಲ. ಅವರು ಅಳೆದದ್ದು ಡಾಲರನ್ನು. ತೋಡು, ಬೀಜ, ಬಳ್ಳಿಗಳ ಅರಿವನ್ನು ಯಾರೂ ಹೀಗೆ ಅಳೆಯಲು ಹೊರಟಿಲ್ಲ. ಆದರೂ ಎಳೆಯ ವಯಸ್ಸಿನ ಮಾತು ಇಲ್ಲಿಗೂ ಹೊಂದುತ್ತದೆಂದು ನನಗನಿಸುತ್ತದೆ. ಮೊಳಕೆಯ ಹಂತದಲ್ಲಿ ಬೇರಿಗೆ ಸಿಗದ ನೀರನ್ನು ತೆನೆ ಬರುವಾಗ ಸುರಿದು ಏನು ಪ್ರಯೋಜನ?

ಈಗ ನಮ್ಮ ಮಕ್ಕಳು ಏನನ್ನು ದಾಟಿ ಶಾಲೆಗೆ ಹೋಗುತ್ತಾರೆ? ಬೆಳಗ್ಗೆ ವ್ಯಾನು ಬರುತ್ತದೆ, ಕಾರ್ಕಳದ ಕಡೆಗೋ ಹೆಬ್ರಿಯ ಕಡೆಗೋ ಒಯ್ಯುತ್ತದೆ, ಸಂಜೆ ಮನೆಬಾಗಿಲಲ್ಲಿ ಇಳಿಸುತ್ತದೆ. ಹೆತ್ತವರನ್ನು ನಾನು ದೂರುವುದಿಲ್ಲ. ಒಳ್ಳೆಯ ಶಿಕ್ಷಣ ಬಯಸುವುದು ತಪ್ಪಲ್ಲ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯೇ ‘ನೆರೆಹೊರೆಯ ಶಾಲೆ’ ಎಂಬ ಮಾತನ್ನು ಬಳಸಿದೆ. ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರಿನೊಳಗೆ ಎಂದು ಕೇಂದ್ರದ ನಿಯಮ ಹೇಳುತ್ತದೆ. ಊರಿನ ಕಿರಿಯ ಪ್ರಾಥಮಿಕ ಶಾಲೆಗೆ ಮಕ್ಕಳಿಲ್ಲವೆಂದು ಬೀಗ ಬಿದ್ದಾಗ ಒಂದು ಕಟ್ಟಡ ಮಾತ್ರವಲ್ಲ, ಅಲ್ಲಿಗೆ ಹೋಗುವ ಕಾಲುದಾರಿಯೂ ಮುಚ್ಚುತ್ತದೆ. ಇತ್ತ ಹಳೆಯ ವರ್ಗ ಜಮೀನಿನ ಸುತ್ತ ನೂರು ಗಜದ ಕುಮ್ಕಿಯಲ್ಲಿ, ಸೊಪ್ಪು ತರುವ ನೆಪದಲ್ಲಿ ಮರಗಳ ಹೆಸರು ಕಲಿಯುತ್ತಿದ್ದ ಜಾಗದಲ್ಲಿ, ಹಲವೆಡೆ ರಬ್ಬರ್ ಎದ್ದಿದೆ. ರಬ್ಬರ್ ತೋಟದಲ್ಲಿ ಮಗು ಎಷ್ಟು ಮರದ ಹೆಸರು ಕಲಿತೀತು?

ವ್ಯಾನನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ನನ್ನದು ಸಣ್ಣ ಸಲಹೆ. ಈ ಮಳೆಗಾಲ ಮುಗಿದೊಡನೆ ಪ್ರೌಢಶಾಲೆಯ ವಿದ್ಯಾರ್ಥಿಗಳು ತಂಡ ಕಟ್ಟಿ, ಪ್ರತಿ ರವಿವಾರ ಒಂದೊಂದು ತೋಡಿನ ಜಾಡು ಹಿಡಿದು ನಡೆಯಲಿ. ಹಿಂದೆ ಎಲ್ಲೆಲ್ಲಿ ಕಟ್ಟ ಹಾಕುತ್ತಿದ್ದರು, ಯಾವ ಮದಕ ಹೂಳು ತುಂಬಿದೆ, ಯಾವ ಬೈಲು ಹಡಿಲು ಬಿದ್ದಿದೆ ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ಕೊರಗರ ಮನೆಗಳಿಗೂ ಹೋಗಲಿ, ಅಲ್ಲಿ ಜಗಲಿಯಲ್ಲಿ ಕುಳಿತು ನೀರು ಕುಡಿದು ಬಳ್ಳಿಗಳ ಹೆಸರು ಕೇಳಲಿ. ಪಟ್ಟಿ ಸಿದ್ಧವಾದರೆ ಅದನ್ನು ಗ್ರಾಮಸಭೆಯಲ್ಲಿ ವಿದ್ಯಾರ್ಥಿಗಳೇ ಓದಬೇಕು. ನಕ್ಷೆ ಬಿಡಿಸುವುದನ್ನು ಕಲಿಸಲು ನಾನು ಬರುತ್ತೇನೆ. ಮೊದಲ ರವಿವಾರ ಎಣ್ಣೆಹೊಳೆಯ ಕಡೆಯಿಂದ ಆರಂಭಿಸೋಣ. ಅಲ್ಲಿ ಹಳೆಯ ಕಟ್ಟದ ಜಾಗ ಬಲ್ಲ ಅಜ್ಜಂದಿರು ಇನ್ನೂ ಇದ್ದಾರೆ.