‘ಹೂಂ’ ಅನ್ನುವ ಮೊದಲು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಕೆಲಸ ಮಾಡಿ ನಿವೃತ್ತನಾದವನು. ‘ಅಲ್ಲಿ ಏನು ಮಾಡ್ತಿದ್ರಿ ಸಾರ್?’ ಎಂದು ಮಕ್ಕಳು ಬೆಳಿಗ್ಗೆಯಿಂದ ಕೇಳುತ್ತಿದ್ದಾರೆ. ಮಾತಾಡುತ್ತಿದ್ದೆ, ಅಷ್ಟೆ. ಆದರೆ ಆಡಿದ ಮಾತು ಸರಿಯಾಗಿ ತಲುಪಿತೇ ಎಂದು ಪ್ರತಿಸಲವೂ ನೋಡಿಕೊಳ್ಳಬೇಕಿತ್ತು. ಇವತ್ತು ಅದರ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಮೇಲೆ ಬೇಲೂರಿಗೆ ಹೋಗುವ ಬಸ್ಸು ನಿಮಗೆಲ್ಲ ಗೊತ್ತು. ಕಂಡಕ್ಟರ್ ‘ರೈಟ್’ ಅಂದರೆ ಬಸ್ಸು ಹೊರಡಬೇಕು, ‘ಹೋಲ್ಡಾನ್’ ಅಂದರೆ ನಿಲ್ಲಬೇಕು. ಹಳೇಬೀಡಿನಲ್ಲಿ ಅಜ್ಜಿಯೊಬ್ಬರು ಇನ್ನೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಾರೆ ಎಂದುಕೊಳ್ಳಿ. ಒಳಗಿನವರೊಬ್ಬರು ‘ಚಿಲ್ಲರೆ ಸರಿಯಾಗಿದೆಯಾ?’ ಅನ್ನುತ್ತಾರೆ. ಕಂಡಕ್ಟರ್ ‘ರೈಟ್’ ಅನ್ನುತ್ತಾರೆ. ಡ್ರೈವರ್ ಗೇರ್ ಹಾಕುತ್ತಾರೆ. ಅಜ್ಜಿಯ ಗತಿ? ಕಂಡಕ್ಟರ್ ಸುಳ್ಳು ಹೇಳಲಿಲ್ಲ, ಡ್ರೈವರ್ ಮೈಮರೆಯಲಿಲ್ಲ. ಒಂದೇ ಪದ ಎರಡು ಕಡೆ ಕೆಲಸ ಮಾಡಿಬಿಟ್ಟಿತು.

ವಿಮಾನ ಹೊರಡಲು ಎರಡು ಬೇರೆ ಬೇರೆ ಅನುಮತಿ ಬೇಕು. ಮೊದಲನೆಯದು ಹಾದಿಯ ಅನುಮತಿ. ಮೇಲೇರಿದ ನಂತರ ಎಷ್ಟು ಎತ್ತರಕ್ಕೆ ಹೋಗಬೇಕು, ಯಾವ ಕಡೆ ತಿರುಗಬೇಕು ಎಂಬುದು ಅದರಲ್ಲಿರುತ್ತದೆ. ಎರಡನೆಯದು ಟೇಕಾಫ್ ಅನುಮತಿ. ರನ್‌ವೇ ಖಾಲಿ ಇದೆ, ಇನ್ನು ಮೇಲೇರಬಹುದು ಎಂದು ಅದರ ಅರ್ಥ. ಮೊದಲನೆಯದು ಸಿಕ್ಕ ಮಾತ್ರಕ್ಕೆ ಎರಡನೆಯದೂ ಸಿಕ್ಕಂತಲ್ಲ.

1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದಲ್ಲಿ ಈ ವ್ಯತ್ಯಾಸವೇ ಅಳಿಸಿಹೋಯಿತು. ದಟ್ಟ ಮಂಜು ಕವಿದಿತ್ತು. ಕೆ.ಎಲ್.ಎಂ. ಕಂಪನಿಯ ಜಂಬೋ ವಿಮಾನ ರನ್‌ವೇಯ ಒಂದು ತುದಿಯಲ್ಲಿ ಹೊರಡಲು ನಿಂತಿತ್ತು. ಅದೇ ರನ್‌ವೇಯ ಮೇಲೆ ಪ್ಯಾನ್ ಆಮ್ ಕಂಪನಿಯ ಜಂಬೋ ಇನ್ನೂ ನಿಧಾನವಾಗಿ ಸಾಗುತ್ತಿತ್ತು. ಟವರಿನವರು ಕೆ.ಎಲ್.ಎಂ.ಗೆ ಕೊಟ್ಟದ್ದು ಹಾದಿಯ ಅನುಮತಿ ಮಾತ್ರ. ಆದರೆ ಆ ಮಾತಿನೊಳಗೆ ‘ಟೇಕಾಫ್’ ಎಂಬ ಪದವೂ ಬಂದಿತ್ತು. ಸಹಪೈಲಟ್ ಅದನ್ನು ಮರುನುಡಿದು, ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬಂಥ ಮಾತೊಂದನ್ನು ಸೇರಿಸಿದರು. ಹೊರಟಿದ್ದೇವೆ ಎಂದೋ, ಹೊರಡಲು ನಿಂತಿದ್ದೇವೆ ಎಂದೋ? ನಮ್ಮಲ್ಲಿ ಮನೆಯಿಂದ ಹೊರಡುವವನು ‘ಬರ್ತೀನಿ’ ಅಂದರೆ ಅವನು ಹೋಗುತ್ತಿದ್ದಾನೆಂದು ಮನೆಯವರಿಗೆ ತಿಳಿಯುತ್ತದೆ. ಮುಖ ಕಾಣದ ರೇಡಿಯೋದಲ್ಲಿ ಅದು ನಡೆಯುವುದಿಲ್ಲ.

ಟವರಿನವರು ‘ಓಕೆ’ ಎಂದು, ಸ್ವಲ್ಪ ತಡೆದು, ಕಾಯಿರಿ, ನಾನೇ ಕರೆಯುತ್ತೇನೆ ಎಂದರು. ಅದೇ ಹೊತ್ತಿಗೆ ಪ್ಯಾನ್ ಆಮ್‌ನವರು ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದರು. ಎರಡು ಮಾತೂ ಒಂದರ ಮೇಲೊಂದು ಬಿದ್ದು, ಕೆ.ಎಲ್.ಎಂ.ನವರಿಗೆ ‘ಓಕೆ’ಯ ನಂತರ ಕೀರಲು ಸದ್ದು ಕೇಳಿಸಿತು. ವಿಮಾನ ಓಡತೊಡಗಿತ್ತು. ಒಳಗಿದ್ದ ಫ್ಲೈಟ್ ಎಂಜಿನಿಯರಿಗೆ ಅನುಮಾನ ಬಂತು. ಆ ಇನ್ನೊಂದು ವಿಮಾನ ದಾರಿಯಿಂದ ಸರಿದಿಲ್ಲವೇ ಎಂದು ಕೇಳಿದರು. ಹಿರಿಯ ಕ್ಯಾಪ್ಟನ್ ಸರಿದಿದೆ ಎಂದು ಖಂಡಿತವಾಗಿ ಹೇಳಿದರು. ಯಾರೂ ಮತ್ತೆ ಕೇಳಲಿಲ್ಲ. 583 ಜನ ಸತ್ತರು.

ಅದಾದ ಮೇಲೆ ಪದಗಳಿಗೇ ಬೇಲಿ ಹಾಕಿದರು. ‘ಟೇಕಾಫ್’ ಎಂಬ ಪದವನ್ನು ಟೇಕಾಫ್ ಅನುಮತಿ ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸಬೇಕು, ಉಳಿದ ಕಡೆ ‘ಡಿಪಾರ್ಚರ್’ ಅನ್ನಬೇಕು. ಅನುಮತಿ ಪಡೆದ ಪೈಲಟ್ ಬರೀ ‘ಓಕೆ’ ಎಂದರೆ ಸಾಲದು, ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು. ಟವರಿನವರು ಅದನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಅಲ್ಲೇ ತಿದ್ದಬೇಕು.

ಇದು ದೂರದ ಕಥೆ ಅನ್ನಬೇಡಿ. 2022ರ ಜನವರಿ 7ರ ಬೆಳಿಗ್ಗೆ ನಮ್ಮ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ಅಕ್ಕಪಕ್ಕದ ರನ್‌ವೇಗಳಿಂದ ಕೋಲ್ಕತ್ತದ ವಿಮಾನವೂ ಭುವನೇಶ್ವರದ ವಿಮಾನವೂ ಹೆಚ್ಚುಕಡಿಮೆ ಒಟ್ಟಿಗೇ ಮೇಲೆದ್ದವು. ಇನ್ನು ಒಂದೇ ರನ್‌ವೇ ಬಳಸೋಣ ಎಂಬ ತೀರ್ಮಾನ ಇನ್ನೊಂದು ರನ್‌ವೇ ನೋಡಿಕೊಳ್ಳುತ್ತಿದ್ದವರಿಗೆ ತಲುಪಿರಲಿಲ್ಲ ಎಂದು ಪ್ರಾಥಮಿಕ ತನಿಖೆ ಹೇಳಿತು. ಆಕಾಶದಲ್ಲಿ ಎರಡೂ ಹತ್ತಿರವಾಗುತ್ತಿರುವುದನ್ನು ರೇಡಾರ್ ನೋಡುತ್ತಿದ್ದ ಅಧಿಕಾರಿ ಗಮನಿಸಿ, ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಎರಡರಲ್ಲೂ ಸೇರಿ 426 ಜನರಿದ್ದರು. ಇಲ್ಲಿ ಇಂಗ್ಲಿಷಿನ ತೊಡಕೇನೂ ಇರಲಿಲ್ಲ. ಹೇಳಬೇಕಾದ ಒಂದು ಮಾತು ತಲುಪಿರಲಿಲ್ಲ, ಅಷ್ಟೆ.

ಈ ಎಚ್ಚರ ನಮ್ಮ ರೈಲಿನವರಲ್ಲಿ ಮೊದಲಿನಿಂದಲೂ ಇದೆ. ಮುಂದಿನ ನಿಲ್ದಾಣದಿಂದ ಲೈನ್ ಕ್ಲಿಯರ್ ಸಿಗದೆ ಸ್ಟೇಷನ್ ಮಾಸ್ಟರು ಗಾಡಿ ಬಿಡುವಂತಿಲ್ಲ. ಫೋನಿನಲ್ಲಿ ಮುಖ್ಯವಾದ ಮಾತು ಮುಗಿದಾಗ ಅಚ್ಚಾದ ಹಾಳೆಯಿಂದ ಒಂದು ಪ್ರೈವೇಟ್ ನಂಬರ್ ಕೊಡುತ್ತಾರೆ. ಆಚೆಯವರು ಅದನ್ನು ಬರೆದುಕೊಳ್ಳುತ್ತಾರೆ. ಅಲ್ಲಿಯೂ ಬಾಯಿಮಾತಿನ ‘ಹೂಂ’ ಒಂದೇ ಸಾಲದು.

ಮಕ್ಕಳೇ, ಇಷ್ಟೆಲ್ಲ ಹೇಳಿದ್ದು ನಿಮಗಾಗಿ. ಮೇಷ್ಟ್ರು ‘ಅರ್ಥವಾಯಿತಾ?’ ಅಂದ ಕೂಡಲೇ ಇಡೀ ತರಗತಿ ‘ಹೂಂ ಸಾರ್’ ಅನ್ನುತ್ತದೆ. ಕೈ ಎತ್ತಿ ‘ಇನ್ನೊಂದು ಸಲ ಹೇಳಿ ಸಾರ್’ ಅಂದರೆ ಪಕ್ಕದವರು ನಗುತ್ತಾರೆ ಎಂಬ ಭಯ. ಪೇಟೆಗೆ ಓದಲು ಹೋದಾಗ ಇಂಗ್ಲಿಷಿನ ಅಳುಕು ಸೇರಿ ಈ ಭಯ ಇನ್ನೂ ಹೆಚ್ಚುತ್ತದೆ. ಆದರೆ ನೂರಾರು ಜನರ ಜೀವ ಹೊತ್ತ ಪೈಲಟ್ ಮಾತು ಕೇಳಿಸದಿದ್ದರೆ ‘ಸೇ ಎಗೇನ್’ ಅನ್ನುತ್ತಾನೆ. ಅದು ನಿಯಮದ ಪುಸ್ತಕದಲ್ಲೇ ಇರುವ ಮಾತು. ಅವನನ್ನು ಯಾರೂ ದಡ್ಡ ಅನ್ನುವುದಿಲ್ಲ.

ಆಸ್ಪತ್ರೆಯಲ್ಲಿ ಅಜ್ಜನಿಗೆ ಮಾತ್ರೆ ಬರೆದುಕೊಟ್ಟಾಗ, ‘ಬೆಳಿಗ್ಗೆ ಒಂದು, ರಾತ್ರಿ ಅರ್ಧ, ಊಟ ಆದಮೇಲೆ, ಅಲ್ವಾ ಡಾಕ್ಟ್ರೇ?’ ಎಂದು ತಿರುಗಿ ಹೇಳಿ. ಬ್ಯಾಂಕಿನಲ್ಲಿ ಅಪ್ಪ ಸಹಿ ಹಾಕುವ ಮೊದಲು ಕಾಗದದಲ್ಲಿ ಏನಿದೆ ಎಂದು ನೀವು ಅವರಿಗೆ ಓದಿ ಹೇಳಿ. ಗುರುಗಳಲ್ಲೂ ನನ್ನದೊಂದು ವಿನಂತಿ: ‘ಅರ್ಥವಾಯಿತಾ?’ ಎಂದು ಕೇಳುವ ಬದಲು ‘ಏನು ಅರ್ಥವಾಯಿತು, ಹೇಳು’ ಎಂದು ಕೇಳಿ. ಹಿರಿಯರ ಎದುರು ಅನುಮಾನ ಹೇಳುವ ಧೈರ್ಯ ಮಕ್ಕಳಿಗೆ ಇಲ್ಲೇ ಬರಬೇಕು.

ಐವತ್ತು ವರ್ಷ ಈ ಶಾಲೆ ನಮ್ಮೂರ ಮಕ್ಕಳಿಗೆ ಮಾತು ಕಲಿಸಿದೆ.