ಯಾವ ಗೇಮ್ ಸ್ಟುಡಿಯೋದ್ದು ನಿಜವಾದ ಸುವರ್ಣಕಾಲ? ಮದ್ದೂರು ಬರೋದ್ರೊಳಗೆ ಮುಗಿಸಬೇಕಿದ್ದ ಒಂದು ಜಗಳ



ಇವತ್ತು ಒಂದು ಜಗಳದ ಕತೆ ಹೇಳ್ತೀನಿ. ಶುಕ್ರವಾರ ಸಂಜೆ, ಬೆಂಗಳೂರಿಂದ ಮೈಸೂರಿಗೆ ಹೋಗೋ ರೈಲು. ನಾವು ಮೂವರು ಹಳೇ ಸ್ನೇಹಿತರು. ಒಬ್ಬ ಮಂಡ್ಯದವನು, ಒಬ್ಬ ಮದ್ದೂರಿನವನು, ನಾನು ಮಳವಳ್ಳಿಯವನು. ನಮ್ಮೂರಿಗೆ ರೈಲಿಲ್ಲ, ಹಂಗಾಗಿ ನಾನೂ ಮದ್ದೂರಲ್ಲೇ ಇಳಿದು ಬಸ್ ಹಿಡೀಬೇಕು. ಅಂದ್ರೆ ಏನೇ ಜಗಳ ಇದ್ರೂ ಮದ್ದೂರು ಬರೋದ್ರೊಳಗೆ ಮುಗೀಬೇಕು.

ಕೆಂಗೇರಿ ದಾಟ್ತಿದ್ದಂಗೆ ಮಂಡ್ಯದವನು ಶುರು ಮಾಡ್ದ. "ಪ್ರಪಂಚದಲ್ಲಿ ಯಾವ ಗೇಮ್ ಸ್ಟುಡಿಯೋಗೆ ಎಲ್ಲಕ್ಕಿಂತ ದೊಡ್ಡ ಸುವರ್ಣಕಾಲ ಬಂದಿತ್ತು, ಹೇಳ್ಲಾ ನೋಡಾನ."

ಮೊದಲು ಒಂದು ನಿಯಮ ಮಾಡ್ಕೊಂಡ್ವಿ. ಒಂದೇ ಒಂದು ಸೂಪರ್‌ಹಿಟ್ ಕೊಟ್ಟಿದ್ರೆ ಅದು ಸುವರ್ಣಕಾಲ ಅಲ್ಲ. ನಮ್ಮ ಪುಟ್ಟಣ್ಣ ಕಣಗಾಲ್ ಅವರನ್ನೇ ತಗೊಳ್ಳಿ. 1971ರಲ್ಲಿ 'ಶರಪಂಜರ', 1972ರಲ್ಲಿ 'ನಾಗರಹಾವು', 1973ರಲ್ಲಿ 'ಎಡಕಲ್ಲು ಗುಡ್ಡದ ಮೇಲೆ'. ಒಂದರ ಹಂಗೆ ಇನ್ನೊಂದಿಲ್ಲ. ಒಂದಾದ ಮೇಲೆ ಒಂದು ಬರಬೇಕು, ಪ್ರತಿ ಸಲನೂ ಹೊಸದಾಗಿರಬೇಕು. ಅದು ಸುವರ್ಣಕಾಲ.

ಮಂಡ್ಯದವನ ವೋಟು ರಾಕ್‌ಸ್ಟಾರ್ ನಾರ್ತ್‌ಗೆ. ಅವನ ಕಾರಣ ನಿಮಗೂ ಅರ್ಥ ಆಗುತ್ತೆ. ನಾವು ಹೈಸ್ಕೂಲಲ್ಲಿದ್ದಾಗ ನೂರಡಿ ರಸ್ತೆ ಹತ್ರ ಒಂದು ಸೈಬರ್ ಸೆಂಟರ್ ಇತ್ತು. ಗಂಟೆಗೆ 20 ರೂಪಾಯಿ. ಎಲ್ಲ ಕಂಪ್ಯೂಟರಲ್ಲೂ 'ವೈಸ್ ಸಿಟಿ'. ಚೀಟ್ ಕೋಡ್‌ಗಳನ್ನ ಗಣಿತದ ನೋಟ್ ಪುಸ್ತಕದ ಕೊನೇ ಪುಟದಲ್ಲಿ ಬರ್ಕೊಂಡಿರ್ತಿದ್ವಿ. 'ಪ್ಯಾಂಜರ್' ಅಂತ ಟೈಪ್ ಮಾಡಿದ್ರೆ ಕಣ್ಮುಂದೆ ಒಂದು ಟ್ಯಾಂಕೇ ಬಂದು ಬೀಳ್ತಿತ್ತು!

ಆ ಸ್ಟುಡಿಯೋ ಹುಟ್ಟಿದ್ದು ಸ್ಕಾಟ್ಲೆಂಡಿನ ಡಂಡೀ ಅನ್ನೋ ಊರಲ್ಲಿ. ಆಗ ಹೆಸರು ಡಿಎಂಎ ಡಿಸೈನ್. 1991ರಲ್ಲಿ 'ಲೆಮ್ಮಿಂಗ್ಸ್', 1997ರಲ್ಲಿ ಮೇಲಿಂದ ಕೆಳಗೆ ನೋಡೋ ಮೊದಲನೇ ಜಿಟಿಎ. ಆಮೇಲೆ 2001ರಲ್ಲಿ 'ಜಿಟಿಎ 3', 2002ರಲ್ಲಿ 'ವೈಸ್ ಸಿಟಿ', 2004ರಲ್ಲಿ 'ಸ್ಯಾನ್ ಆಂಡ್ರಿಯಾಸ್'. ಮೂರೇ ವರ್ಷದಲ್ಲಿ ಮೂರು ಊರು ಕಟ್ಟಿದ್ರು. "ಇವತ್ತು ಯಾವ ಗೇಮಲ್ಲಾದ್ರೂ ಮಿಷನ್ ಬಿಟ್ಟು ಸುಮ್ನೆ ಊರು ಸುತ್ತೋಕೆ ಆಗ್ತದೆ ಅಂದ್ರೆ ಅದಕ್ಕೆ ದಾರಿ ಮಾಡ್ಕೊಟ್ಟಿದ್ದು ಇವ್ರು ಕಣ್ಲಾ" ಅಂದ. ಒಪ್ಪಬೇಕಾದ ಮಾತೇ.

ಮದ್ದೂರಿನವನು ತಲೆ ಅಲ್ಲಾಡಿಸ್ದ. ಅವನ ವೋಟು ಜಪಾನಿನ ಕೊನಾಮಿಗೆ, ಅದೂ ಎಂಬತ್ತರ ದಶಕದ ಕೊನೆಯ ಕೊನಾಮಿಗೆ. 1986ರಲ್ಲಿ 'ಕ್ಯಾಸಲ್‌ವೇನಿಯಾ', 1987ರಲ್ಲಿ 'ಮೆಟಲ್ ಗೇರ್', ಅದೇ ವರ್ಷ ಆರ್ಕೇಡ್‌ನಲ್ಲಿ 'ಕಾಂಟ್ರಾ'. ನಿಮ್ಮಲ್ಲಿ ಚಿಕ್ಕವರಿಗೆ ಗೊತ್ತಿಲ್ದೆ ಇರಬಹುದು, ನಿಮ್ಮ ಅಣ್ಣನ್ನ ಕೇಳಿ. ಟಿವಿ ಗೇಮ್ ಅಂತ ಒಂದು ಡಬ್ಬಿ, ಅದಕ್ಕೊಂದು ಕ್ಯಾಸೆಟ್ಟು, ಅದರಲ್ಲಿ ಕಾಂಟ್ರಾ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಇಷ್ಟು ಒತ್ತಿದ್ರೆ 30 ಲೈಫು. ಆ ಕೋಡ್ ಹುಟ್ಟಿದ್ದು ಹೆಂಗೆ ಅಂದ್ರೆ, 1986ರಲ್ಲಿ ಕಝುಹಿಸಾ ಹಶಿಮೊಟೊ ಅನ್ನೋ ಕೊನಾಮಿಯವರಿಗೆ ತಾವೇ ಮಾಡ್ತಿದ್ದ 'ಗ್ರೇಡಿಯಸ್' ಗೇಮನ್ನ ಟೆಸ್ಟ್ ಮಾಡೋಕೆ ತುಂಬಾ ಕಷ್ಟ ಆಯ್ತು. ಅದಕ್ಕೆ ಅವರೇ ಒಂದು ಕಳ್ಳದಾರಿ ಇಟ್ಕೊಂಡ್ರು.

ಈಗ ನನ್ನ ಸರದಿ. ನಾನು ವಾಲ್ವ್ ಅಂದೆ. 1996ರಲ್ಲಿ ಮೈಕ್ರೋಸಾಫ್ಟ್ ಬಿಟ್ಟು ಬಂದ ಗೇಬ್ ನ್ಯೂವೆಲ್ ಮತ್ತು ಮೈಕ್ ಹ್ಯಾರಿಂಗ್ಟನ್ ಶುರು ಮಾಡಿದ ಸ್ಟುಡಿಯೋ. 1998ರಲ್ಲಿ 'ಹಾಫ್ ಲೈಫ್', 2000ದಲ್ಲಿ 'ಕೌಂಟರ್ ಸ್ಟ್ರೈಕ್', 2004ರಲ್ಲಿ 'ಹಾಫ್ ಲೈಫ್ 2', 2007ರಲ್ಲಿ 'ಪೋರ್ಟಲ್' ಮತ್ತು 'ಟೀಮ್ ಫೋರ್ಟ್ರೆಸ್ 2', 2008ರಲ್ಲಿ 'ಲೆಫ್ಟ್ 4 ಡೆಡ್', 2011ರಲ್ಲಿ 'ಪೋರ್ಟಲ್ 2'. ಹದಿಮೂರು ವರ್ಷ.

ಮಂಡ್ಯದವನು ಬಿಡ್ತಾನಾ? "ಹಾಫ್ ಲೈಫ್ 3 ಎಲ್ಲೋಯ್ತ್ಲಾ?" ಅಂದ. ನಿಜ. 2007ರಲ್ಲಿ ಕತೆಯನ್ನ ಅರ್ಧಕ್ಕೆ ನಿಲ್ಲಿಸಿದ್ರು. ಸ್ಟೀಮ್ ಅಂಗಡಿಯಿಂದ ದುಡ್ಡು ಬರೋಕೆ ಶುರುವಾದ ಮೇಲೆ ಹೊಸ ಗೇಮ್‌ಗಳು ಅಪರೂಪ ಆದ್ವು. ಸುವರ್ಣಕಾಲ ಅಂದ ಮೇಲೆ ಅದಕ್ಕೆ ಕೊನೆ ಅಂತ ಒಂದು ಇದ್ದೇ ಇರುತ್ತೆ.

ಆದ್ರೆ ನನ್ನ ವಾದ ಲೆಕ್ಕದ ಮೇಲೆ ನಿಂತಿರಲಿಲ್ಲ. ಆ ಪಟ್ಟಿಯನ್ನ ಇನ್ನೊಂದ್ಸಲ ನೋಡಿ. ಕೌಂಟರ್ ಸ್ಟ್ರೈಕ್ ವಾಲ್ವ್‌ನವರ ಯೋಚನೆ ಅಲ್ಲ. ಅದು 1999ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಅನ್ನೋ ಇಬ್ಬರು ಹುಡುಗರು ಹಾಫ್ ಲೈಫ್ ಮೇಲೆ ಮಾಡಿದ ಮಾಡ್. ಮಾಡ್ ಅಂದ್ರೆ ಇರೋ ಗೇಮನ್ನೇ ಬಿಚ್ಚಿ ಅದರೊಳಗೆ ನಮ್ಮದನ್ನ ಜೋಡಿಸೋದು. ಆಗ ಮಿನ್ ಲೀ ಇನ್ನೂ ಕಾಲೇಜು ಹುಡುಗ. ಟೀಮ್ ಫೋರ್ಟ್ರೆಸ್ ಶುರುವಾಗಿದ್ದು 'ಕ್ವೇಕ್' ಗೇಮಿನ ಮಾಡ್ ಆಗಿ, ಆಸ್ಟ್ರೇಲಿಯಾದ ಹುಡುಗರದ್ದು. ಪೋರ್ಟಲ್ ಶುರುವಾಗಿದ್ದು ಡಿಜಿಪೆನ್ ಅನ್ನೋ ಕಾಲೇಜಿನ ವಿದ್ಯಾರ್ಥಿಗಳ ಪ್ರಾಜೆಕ್ಟಿಂದ. ಅವರ 'ನಾರ್ಬಕ್ಯುಲರ್ ಡ್ರಾಪ್' ನೋಡಿ ನ್ಯೂವೆಲ್ ಇಡೀ ತಂಡಕ್ಕೆ ಕೆಲಸ ಕೊಟ್ರು.

ಇದಕ್ಕೆ ಉಲ್ಟಾ ಉದಾಹರಣೆನೂ ಇದೆ. ಬ್ಲಿಝಾರ್ಡ್‌ನ 'ವಾರ್‌ಕ್ರಾಫ್ಟ್ 3' ಒಳಗೆ ಆಟಗಾರರೇ ಡೋಟಾ ಅಂತ ಒಂದು ಆಟ ಕಟ್ಟಿದ್ರು. ಮನೆಯೊಳಗೇ ಬೆಳೀತಿದ್ದ ಆ ಬಂಗಾರದ ಗಿಡವನ್ನ ಕೊನೆಗೆ ಕಿತ್ಕೊಂಡು ಹೋಗಿ ನೆಟ್ಟಿದ್ದು ವಾಲ್ವ್. ಅದೇ 'ಡೋಟಾ 2'. ನೀವು ಆಡೋ ಬಿಜಿಎಂಐನ ಬೇರು ಕೂಡ ಇಂಥದ್ದೇ. ಪಬ್‌ಜಿ ಯೋಚನೆ ಬ್ರೆಂಡನ್ ಗ್ರೀನ್ ಅನ್ನೋ ಐರ್ಲೆಂಡಿನವರು 'ಆರ್ಮಾ' ಗೇಮಿಗೆ ಮಾಡಿದ ಮಾಡ್‌ನಿಂದ ಬಂದಿದ್ದು. ಕೊರಿಯಾದ ಕಂಪನಿಯೊಂದು ಅವರನ್ನ ಕರೆಸಿ, 'ನಿಮ್ಮ ಆಟ ನಮ್ಮಲ್ಲಿ ಮಾಡಿ' ಅಂತು. 2017ರಲ್ಲಿ ಪಬ್‌ಜಿ ಬಂತು.

ಅದಕ್ಕೇ ನಾನು ಹೇಳಿದ್ದು, ಸುವರ್ಣಕಾಲನ ಎಷ್ಟು ಕಾಪಿ ಮಾರಾಟ ಆಯ್ತು ಅಂತ ಅಳೀಬಾರದು. ಎಷ್ಟು ಜನ ಹೊರಗಿನವರಿಗೆ ಬಾಗಿಲು ತೆಗೆದ್ರು ಅಂತ ಅಳೀಬೇಕು.

ರಾಮನಗರ ದಾಟಿತ್ತು. ಮದ್ದೂರಿನವನು ಸುಮಾರು ಹೊತ್ತು ಮಾತಾಡ್ಲಿಲ್ಲ. ಆಮೇಲೆ ಕೇಳ್ದ, "ನಾನ್ ಯಾಕೆ ಕೊನಾಮಿ ಅಂದೆ ಗೊತ್ತೇನ್ಲಾ?"

ಅವನು ಬೆಂಗಳೂರಲ್ಲಿ ಒಂದು ಗೇಮ್ ಆರ್ಟ್ ಕಂಪನೀಲಿ ಕೆಲಸ ಮಾಡ್ತಾನೆ. ಕಂಪನಿ ಹೆಸರು ಬೇಡ. ಆ ಕೆಲಸ ಹೆಂಗೆ ನಡೀತದೆ ಅಂದ್ರೆ, ಹೊರದೇಶದ ಸ್ಟುಡಿಯೋದಿಂದ ಒಂದು ಚಿತ್ರ ಬರ್ತದೆ. ಕಾರೋ, ಬಂದೂಕೋ, ಬಾಗಿಲೋ. ಇವನು ಅದರ ತ್ರೀಡಿ ಮಾಡೆಲ್ ಮಾಡಿ, ಬಣ್ಣ, ತುಕ್ಕು, ಗೀರು ಎಲ್ಲಾ ಹಾಕಿ ಕಳಿಸ್ತಾನೆ. ಅವರು ತಪ್ಪು ಹೇಳ್ತಾರೆ, ಇವನು ತಿದ್ತಾನೆ. ಮುಗಿದ ಮೇಲೆ ಅದು ಅವರದ್ದು. ಗೇಮ್ ಎಷ್ಟೇ ಮಾರಾಟ ಆದ್ರೂ ಇವನಿಗೆ ಸಂಬಳ ಬಿಟ್ಟು ಬೇರೇನೂ ಇಲ್ಲ.

"ಆರು ವರ್ಷ ಆಯ್ತು. ಮೂರು ದೊಡ್ಡ ಗೇಮು. ನನ್ನ ಹೆಸರು ಕ್ರೆಡಿಟ್ಸಲ್ಲಿ ಬಂದಿದ್ದು ಒಂದ್ರಲ್ಲಿ. ಅವ್ವನಿಗೆ ತೋರ್ಸಾನ ಅಂದ್ರೆ ಕಂಪನಿ ಹೆಸರು ಅಷ್ಟೇ ಐತೆ" ಅಂದ. ಆವಾಗ ನನಗೆ ಕೊನಾಮಿ ಅರ್ಥ ಆಯ್ತು. ಆ ಕಾಲದ ಜಪಾನಿನ ಗೇಮ್‌ಗಳಲ್ಲಿ ಮಾಡಿದವರ ನಿಜವಾದ ಹೆಸರು ಹಾಕ್ತಿರಲಿಲ್ಲ, ಬೇರೆ ಕಂಪನಿಯವರು ಎಳ್ಕೊಂಡು ಹೋಗ್ತಾರೆ ಅನ್ನೋ ಭಯ. ಕ್ಯಾಸಲ್‌ವೇನಿಯಾ ಕೊನೇಲಿ ಬರೋದು ಹಳೇ ಹಾರರ್ ಸಿನಿಮಾದವರ ಹೆಸರನ್ನ ತಿರುಚಿದ ತಮಾಷೆ ಹೆಸರುಗಳು. "ಅವ್ರೂ ನನ್ನಂಗೇ ಕಣ್ಲಾ. ಅದಕ್ಕೇ ನನ್ನ ವೋಟು ಅವ್ರಿಗೆ."

ಇಲ್ಲಿ ಒಂದು ನಿಜವಾದ ಕತೆ ನೀವು ತಿಳ್ಕೋಬೇಕು. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದ್ರು. ಈ ದೇಶದ ಮೊದಮೊದಲ ಗೇಮ್ ಸ್ಟುಡಿಯೋಗಳಲ್ಲಿ ಅದೂ ಒಂದು. ಥಾಮಸ್ ಫ್ರೀಡ್‌ಮನ್ ತಮ್ಮ 'ದಿ ವರ್ಲ್ಡ್ ಈಸ್ ಫ್ಲಾಟ್' ಪುಸ್ತಕದಲ್ಲಿ ಇವರ ಬಗ್ಗೆ ಬರೆದಿದ್ದಾರೆ. ಮೊಬೈಲ್ ಗೇಮಿಗಾಗಿ ಚಾರ್ಲಿ ಚಾಪ್ಲಿನ್ ಚಿತ್ರದ ಹಕ್ಕನ್ನೇ ಕೊಂಡಿದ್ದ ಕಂಪನಿ ಅದು. 'ಫೋರ್ಜಾ' ಸರಣಿಯ ಕಾರುಗಳಿಗೂ ಅವರು ಕೆಲಸ ಮಾಡಿದ್ದಾರೆ. ಇಲ್ಲಿನ ಎಷ್ಟೋ ಹುಡುಗ ಹುಡುಗೀರು ಈ ಕಸುಬು ಕಲಿತಿದ್ದು ಅಲ್ಲೇ. ಆದ್ರೆ ಪ್ರಪಂಚಕ್ಕೆ ಗೊತ್ತಾಗಿದ್ದು ಫೋರ್ಜಾ ಹೆಸರು, ಧ್ರುವ ಹೆಸರಲ್ಲ. 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಝ್ ಧ್ರುವದ ಬಹುಪಾಲನ್ನ ಕೊಂಡ್ಕೊಳ್ತು. 2019ರಲ್ಲಿ ಮತ್ತೆ ಮಾರಾಟ ಆಯ್ತು. ಸುಮಾರು 79 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ 55 ಕೋಟಿ ರೂಪಾಯಿ ಆಸುಪಾಸು. ಕೊಂಡವರು ಯಾರು ಗೊತ್ತಾ? ರಾಕ್‌ಸ್ಟಾರ್.

ಮಂಡ್ಯದವನು ಬಾಯಿ ಬಿಟ್ಕೊಂಡು ನೋಡ್ದ. ನೂರಡಿ ರಸ್ತೆ ಸೈಬರಲ್ಲಿ 20 ರೂಪಾಯಿ ಕೊಟ್ಟು ಆಡ್ತಿದ್ದ ಗೇಮ್ ಕಂಪನಿಯ ಆಫೀಸು ಇವತ್ತು ನೂರು ಕಿಲೋಮೀಟರ್ ದೂರದಲ್ಲಿದೆ.

ಇದು ತಪ್ಪು ಅಂತ ನಾನು ಹೇಳ್ತಿಲ್ಲ. ಕೆಲಸ ಇದೆ, ಸಂಬಳ ಇದೆ, ಕೈ ಪಳಗ್ತದೆ. ಆದ್ರೆ ಬೇರೆಯವರ ಸುವರ್ಣಕಾಲಕ್ಕೆ ಇಟ್ಟಿಗೆ ಹೊರೋದು ಬೇರೆ, ನಮ್ಮ ಮನೆ ಕಟ್ಟೋದು ಬೇರೆ. ಪುಣೆಯ ನಾಡಿಂಗ್ ಹೆಡ್ಸ್ ಅನ್ನೋ ಸಣ್ಣ ತಂಡ 'ರಾಜಿ' ಅಂತ ಗೇಮ್ ಮಾಡ್ತು. 2017ರಲ್ಲಿ ಜನರಿಂದ ದುಡ್ಡು ಕೇಳಿದ್ರು, ಬೇಕಾದಷ್ಟು ಬರಲಿಲ್ಲ. ಬಿಡಲಿಲ್ಲ, 2020ರಲ್ಲಿ ಬಿಡುಗಡೆ ಮಾಡಿದ್ರು. ಆ ಗೇಮಿನ ಮೇಲೆ ಅವರದ್ದೇ ಹೆಸರಿದೆ.

ಹಂಗಾದ್ರೆ ಮಳವಳ್ಳಿಯಲ್ಲೋ ಕೆ.ಆರ್. ಪೇಟೆಯಲ್ಲೋ ಕೂತು ಕೇಳ್ತಿರೋ ನೀವು ಏನು ಮಾಡಬಹುದು? ಬ್ಲೆಂಡರ್ ಪುಕ್ಕಟೆ, ಗೊಡೋ ಎಂಜಿನ್ ಪುಕ್ಕಟೆ. ಹಳೇ ಲ್ಯಾಪ್‌ಟಾಪ್ ಸಾಕು. ಮೊದಲನೇ ದಿನವೇ ಜಿಟಿಎ ಮಾಡೋಕೆ ಹೋಗ್ಬೇಡಿ. ಕೌಂಟರ್ ಸ್ಟ್ರೈಕ್ ಹುಡುಗರ ಥರ ಇರೋ ಗೇಮಿಗೆ ಒಂದು ಮ್ಯಾಪ್ ಮಾಡಿ. ಐದು ನಿಮಿಷ ಆಡೋ ಆಟ ಮಾಡಿ, ಆದ್ರೆ ಮುಗ್ಸಿ. ವಾಲ್ವ್ ಬಾಗಿಲು ತೆಗೆದಿದ್ದು ನಿಜ, ಆದ್ರೆ ಆ ಹುಡುಗರ ಕೈಲಿ ತೋರ್ಸೋಕೆ ಒಂದು ಆಟ ಇತ್ತು. ಬರೀ ಐಡಿಯಾ ಹಿಡ್ಕೊಂಡು ಹೋಗಿರಲಿಲ್ಲ.

ಚನ್ನಪಟ್ಟಣ ದಾಟಿ ಮದ್ದೂರು ಬಂತು. ವಡೆ ಮಾರೋರ ಕೂಗು ಶುರುವಾಯ್ತು. ನಾವಿಬ್ರೂ ಇಳಿದ್ವಿ. ಪ್ಲಾಟ್‌ಫಾರಂ ಮೇಲೆ ಮದ್ದೂರಿನವನು ಫೋನ್ ತೆಗೆದು ಒಂದು ವಿಡಿಯೋ ತೋರ್ಸಿದ. ರಾತ್ರಿ ಹೊತ್ತು ಅವನೇ ಮಾಡ್ತಿರೋ ಪುಟ್ಟ ಗೇಮು. ಒಂದು ಆಲೆಮನೆ. ಕಬ್ಬಿನ ಗಾಡಿ, ಗಾಣ, ಕೊಪ್ಪರಿಗೆಯಲ್ಲಿ ಕುದೀತಿರೋ ಹಾಲು. ಬೆಂಕಿ ಜಾಸ್ತಿ ಆದ್ರೆ ಬೆಲ್ಲ ಸೀದು ಹೋಗ್ತದೆ, ಕಮ್ಮಿ ಆದ್ರೆ ಪಾಕ ಬರಲ್ಲ. ಇನ್ನೂ ಅರ್ಧನೂ ಆಗಿಲ್ಲ.

"ಎಲ್ಲೀವರ್ಗೆ ಬಂದದೆ?" ಅಂದೆ.

"ಆಟ ಇನ್ನೂ ಐತೆ ಮಾಡೋದು. ಕ್ರೆಡಿಟ್ಸ್ ಮೊದ್ಲೇ ಮಾಡಿಟ್ಟಿದೀನಿ" ಅಂದ.

ಜಗಳದ ತೀರ್ಪು ನಿಮಗೆ ಬಿಟ್ಟಿದ್ದು. ರಾಕ್‌ಸ್ಟಾರಾ, ಕೊನಾಮಿನಾ, ವಾಲ್ವಾ, ಇಲ್ಲ ಬೇರೆ ಯಾರಾದ್ರೂ? ವಾಯ್ಸ್ ನೋಟ್ ಕಳ್ಸಿ, ಕಾರಣ ಸಮೇತ. ನೀವೇ ಏನಾದ್ರೂ ಆಟ ಮಾಡಿದ್ರೆ ಅದನ್ನ ಮೊದಲು ಕಳ್ಸಿ, ಎಷ್ಟೇ ಸಣ್ಣದಿದ್ರೂ ಪರವಾಗಿಲ್ಲ. ಮುಂದಿನ ಸಂಚಿಕೇಲಿ ಸಿಗೋಣ. ಬರ್ಲಾ?